ಇಂಗ್ಲೆಂಡಿನ ಹಳ್ಳಿ ಡಾಕ್ಟರನ ಮನೆತನ ಹುಡುಕುವುದು ಹೇಗೆ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಳ್ಳಿಗಾಡಿನ ವೈದ್ಯರಾಗಿದ್ದವರ ವಂಶದ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೆಲವರಿಗೆ ಇದು ಸೊಸೆಯ ಅಥವಾ ಅಳಿಯನ ಕಡೆಯ ಹಿರಿಯರ ವಿಚಾರ, ಕೆಲವರಿಗೆ ಸಂಶೋಧನೆಯ ವಿಷಯ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಸೊಸೆಯ ಮನೆತನದಲ್ಲಿ 1850ರ ಸುಮಾರಿಗೆ ಶ್ರಾಪ್‌ಶೈರ್‌ನ ಹಳ್ಳಿಯೊಂದರಲ್ಲಿ ಡಾಕ್ಟರಾಗಿದ್ದ ಒಬ್ಬ ಹಿರಿಯರಿದ್ದರು. ಹೆಸರು, ಒಂದು ಭಾವಚಿತ್ರ ಬಿಟ್ಟರೆ ಏನೂ ಉಳಿದಿಲ್ಲ. ಅವರ ತಂದೆತಾಯಿ ಯಾರೆಂದು ತಿಳಿಯಲು ಎಲ್ಲಿಂದ ಶುರು ಮಾಡಬೇಕು? (ಮೈಸೂರು)

ಸಾವಿನಿಂದ ಶುರು ಮಾಡಿ, ಹುಟ್ಟಿನಿಂದಲ್ಲ. ಹೆಸರೊಂದನ್ನೇ ಹಿಡಿದು ನೇರವಾಗಿ ಚರ್ಚಿನ ದೀಕ್ಷಾಸ್ನಾನದ ಪುಸ್ತಕಕ್ಕೆ ಇಳಿದವರು ಬಹಳ ಸಲ ಅದೇ ಹೆಸರಿನ ಬೇರೊಬ್ಬರ ಮಗುವನ್ನು ಎತ್ತಿಕೊಂಡು ಬರುತ್ತಾರೆ. ಒಂದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂತೆ) ಅದೇ ಹತ್ತು ವರ್ಷದೊಳಗೆ ಐದಾರು ಜಾನ್ ಡೇವಿಸ್‌ಗಳು ಹುಟ್ಟಿರುತ್ತಾರೆ. ಅವರಲ್ಲಿ ಡಾಕ್ಟರಾದವನು ಯಾರೆಂದು ಆ ಪುಸ್ತಕ ಹೇಳುವುದಿಲ್ಲ.

ಮೊದಲು ಪ್ರೊಬೇಟ್ ಕ್ಯಾಲೆಂಡರ್, ಅಂದರೆ ಕೋರ್ಟು ದೃಢಪಡಿಸಿದ ಉಯಿಲುಗಳ ಪಟ್ಟಿ, ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಉಯಿಲುಗಳ ಕೆಲಸ ಚರ್ಚಿನ ನ್ಯಾಯಾಲಯಗಳ ಕೈಯಿಂದ ಸರ್ಕಾರದ ಪ್ರೊಬೇಟ್ ನ್ಯಾಯಾಲಯಕ್ಕೆ ಬಂದದ್ದು 1858ರ ಜನವರಿ 12ರಂದು. ಅಂದಿನಿಂದ ಇಡೀ ದೇಶಕ್ಕೆ ವರ್ಷವರ್ಷವೂ ಅಕಾರಾದಿ ಪಟ್ಟಿಯಿದೆ. ಅದರ ಒಂದೊಂದು ನಮೂದಿನಲ್ಲೂ ಹೆಸರು, ಊರು, ವೃತ್ತಿ, ಸತ್ತ ದಿನ ಮತ್ತು ಸ್ಥಳ, ಉಯಿಲು ಜಾರಿ ಮಾಡುವವರ ಹೆಸರು, ಬಹಳ ಸಲ ಅವರಿಗೂ ಸತ್ತವರಿಗೂ ಇದ್ದ ಸಂಬಂಧ ಇರುತ್ತವೆ. ಅಲ್ಲಿ ಕಾಣುವ ಆಸ್ತಿಯ ಮೊತ್ತ ನೋಡಿ ಬಡವನೋ ಸಿರಿವಂತನೋ ಎಂದು ತೀರ್ಮಾನಿಸಬೇಡಿ. 1898ಕ್ಕೆ ಮುಂಚೆ ಆ ಮೊತ್ತದಲ್ಲಿ ಜಮೀನು, ಮನೆಗಳ ಬೆಲೆ ಸೇರುತ್ತಿರಲಿಲ್ಲ. ನಿಮಗೆ ಬೇಕಾದದ್ದು ಉಯಿಲಿನ ಪೂರ್ತಿ ಪ್ರತಿ. ಅದರಲ್ಲಿ ಅಣ್ಣತಮ್ಮಂದಿರು, ಮದುವೆಯಾದ ತಂಗಿಯರ ಹೊಸ ಮನೆತನದ ಹೆಸರುಗಳು, ಸೋದರಳಿಯಂದಿರು ಬರುತ್ತಾರೆ. ಮಕ್ಕಳಿಲ್ಲದ ಡಾಕ್ಟರನ ಉಯಿಲು ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಆಸ್ತಿ ಪಕ್ಕದ ಕೊಂಬೆಗಳಿಗೆ ಹಂಚಿಹೋಗಿರುತ್ತದೆ.

ಸತ್ತ ದಿನ ಗೊತ್ತಾದ ಮೇಲೆ ಜನಗಣತಿಗಳನ್ನು ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ನೋಡುತ್ತಾ ಬನ್ನಿ: 1881, 1871, 1861, 1851. ಈ ನಾಲ್ಕರಲ್ಲೂ ಮನೆಯ ಯಜಮಾನನಿಗೆ ಪ್ರತಿಯೊಬ್ಬರ ಸಂಬಂಧ, ವಯಸ್ಸು, ಹುಟ್ಟಿದ ಊರು ಇರುತ್ತವೆ. ಹುಟ್ಟಿದ ಊರು ನಾಲ್ಕರಲ್ಲೂ ಒಂದೇ ಇದೆಯೇ ಎಂದು ಬರೆದಿಟ್ಟುಕೊಳ್ಳಿ. ಬೇರೆಬೇರೆ ಇದ್ದರೆ ಪಕ್ಕದಲ್ಲಿರುವ ದೊಡ್ಡ ಪೇಟೆಯ ಹೆಸರನ್ನು ಒಮ್ಮೆ, ಹಳ್ಳಿಯ ಹೆಸರನ್ನು ಒಮ್ಮೆ ಹೇಳಿರುವ ಸಂಭವ ಹೆಚ್ಚು. ಹಳ್ಳಿಯ ಹೆಸರನ್ನೇ ಮೊದಲು ಪರೀಕ್ಷಿಸಿ. ಡಾಕ್ಟರನ ಮನೆಯಲ್ಲಿ ಮದುವೆಯಾಗದ ಅಕ್ಕನೋ ವಿಧವೆ ತಾಯಿಯೋ ಇದ್ದರೆ ಆ ಸಾಲು ಡಾಕ್ಟರನ ಸಾಲಿಗಿಂತ ಬೆಲೆಯುಳ್ಳದ್ದು.

1841ರ ಗಣತಿ ಮಾತ್ರ ಬೇರೆ ಬಗೆಯದು. 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂದು ಅಂದಿನ ಸೂಚನೆ. ಹಾಗಾಗಿ 30 ಎಂದಿದ್ದರೆ 30ರಿಂದ 34ರವರೆಗೆ ಯಾವುದೂ ಇರಬಹುದು. ಸಂಬಂಧವನ್ನು ಬರೆದಿಲ್ಲ. ಹುಟ್ಟಿದ್ದು ಅದೇ ಕೌಂಟಿಯಲ್ಲೋ ಅಲ್ಲವೋ, ಇಲ್ಲವೇ ಸ್ಕಾಟ್ಲೆಂಡ್, ಐರ್ಲೆಂಡ್, ವಿದೇಶದಲ್ಲೋ ಎಂಬಷ್ಟೇ ಇದೆ.

ಮೂರನೆಯದು ಮದುವೆಯ ದಾಖಲೆ. 1837ರ ಜುಲೈ 1ರಿಂದ ಶುರುವಾದ ಸರ್ಕಾರಿ ನೋಂದಣಿಯ ನಮೂನೆಯಲ್ಲಿ ವಧೂವರರಿಬ್ಬರ ತಂದೆಯ ಹೆಸರು, ವೃತ್ತಿ ಕಡ್ಡಾಯ ಕಲಮುಗಳು. ನಿಮ್ಮ ಡಾಕ್ಟರ್ ಆ ದಿನದ ಬಳಿಕ ಮದುವೆಯಾಗಿದ್ದರೆ ತಂದೆಯ ಹೆಸರು ಇಲ್ಲೇ ಸಿಕ್ಕಿತು. ಅದಕ್ಕೂ ಮುಂಚೆ ಮದುವೆಯಾಗಿದ್ದರೆ ಚರ್ಚಿನ ಪುಸ್ತಕದಲ್ಲಿ ತಂದೆಯ ಹೆಸರೇ ಇರುವುದಿಲ್ಲ. ಆಗ ಸಾಕ್ಷಿ ಹಾಕಿದವರ ಸಹಿಗಳನ್ನು ನೋಡಿ, ವರನ ಮನೆತನದ ಹೆಸರಿನವರು ಇದ್ದೇ ಇರುತ್ತಾರೆ ಎನ್ನುವಷ್ಟು ಸಾಮಾನ್ಯ.

ಇಷ್ಟಾದ ಮೇಲೆ ದೀಕ್ಷಾಸ್ನಾನದ ಪುಸ್ತಕಕ್ಕೆ ಹೋಗಿ. 1813ರ ಜನವರಿ 1ರಿಂದ ಅಚ್ಚಾದ ನಮೂನೆ ಜಾರಿಗೆ ಬಂದು, ಮಗುವಿನ ತಂದೆಯ ಕಸುಬು ಮತ್ತು ವಾಸದ ಊರನ್ನೂ ಬರೆಯತೊಡಗಿದರು. ಅದಕ್ಕೆ ಹಿಂದಿನ ನಮೂದುಗಳಲ್ಲಿ ಸಾಮಾನ್ಯವಾಗಿ ತಂದೆತಾಯಿಯ ಹೆಸರಷ್ಟೇ. ಪುಸ್ತಕ ಹಾಳಾಗಿದ್ದರೆ ಬಿಷಪ್‌ಗೆ ವರ್ಷಕ್ಕೊಮ್ಮೆ ಕಳಿಸುತ್ತಿದ್ದ ನಕಲು ಪ್ರತಿಗಳನ್ನು ಕೌಂಟಿಯ ದಾಖಲೆ ಭಂಡಾರದಲ್ಲಿ ಕೇಳಿ.

ಊರಿನ ಚರ್ಚಿನಲ್ಲಿ ಏನೂ ಸಿಗದಿದ್ದರೆ ಮನೆತನ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನವರು) ಅಲ್ಲದಿರಬಹುದು. ಇದು ಡಾಕ್ಟರರ ವಿಷಯದಲ್ಲಿ ಹೆಚ್ಚು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿಗೆ ಆಂಗ್ಲಿಕನ್ ನಿಷ್ಠೆ ಬೇಕಿದ್ದ ಕಾಲದಲ್ಲಿ ಕ್ವೇಕರ್, ಯೂನಿಟೇರಿಯನ್ ಮನೆಗಳ ಹುಡುಗರು ಎಡಿನ್‌ಬರೋ, ಗ್ಲಾಸ್ಗೋಗಳಿಗೆ ವೈದ್ಯ ಕಲಿಯಲು ಹೋಗುತ್ತಿದ್ದರು. ಈ ಪಂಥಗಳ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಆರ್.ಜಿ. 4, ಆರ್.ಜಿ. 5, ಆರ್.ಜಿ. 6 ಎಂಬ ಸರಣಿಗಳಲ್ಲಿವೆ. ಕೊನೆಯದು ಕ್ವೇಕರರದು.

ಹೆಸರಿನ ಮುಂದೆ ಎಂ.ಆರ್.ಸಿ.ಎಸ್., ಎಲ್.ಎಸ್.ಎ. ಎಂದಿದೆ. ಇನ್ನೊಂದು ಕಡೆ ಎಂ.ಡಿ. ಸೇಂಟ್ ಆಂಡ್ರೂಸ್ ಎಂದಿದೆ. ಹಾಗಾದರೆ ಅವರು ಸ್ಕಾಟ್ಲೆಂಡಿನವರೇ? (ಧಾರವಾಡ)

ಅಲ್ಲದಿರುವ ಸಾಧ್ಯತೆಯೇ ಜಾಸ್ತಿ. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯ ಬಹುಕಾಲ ಅಲ್ಲಿ ಓದದವರಿಗೂ ಎಂ.ಡಿ. ಕೊಡುತ್ತಿತ್ತು. ಮೊದಮೊದಲು ಬೇರೆ ವೈದ್ಯರ ಶಿಫಾರಸು ಪತ್ರ ಸಾಕಿತ್ತು, ಆಮೇಲೆ ಪರೀಕ್ಷೆಗೆ ಮಾತ್ರ ಊರಿಗೆ ಬಂದು ಹೋದರಾಯಿತು. ವರ್ಷಗಟ್ಟಲೆ ವೈದ್ಯ ಮಾಡಿದ ಇಂಗ್ಲಿಷ್ ಹಳ್ಳಿ ಸರ್ಜನ್ ‘ಡಾಕ್ಟರ್’ ಎನಿಸಿಕೊಳ್ಳಲು ಮಧ್ಯವಯಸ್ಸಿನಲ್ಲಿ ಹಿಡಿಯುತ್ತಿದ್ದ ದಾರಿ ಅದು. ಹಾಗಾಗಿ ಆ ಅಕ್ಷರಗಳನ್ನು ನೋಡಿ ಸೇಂಟ್ ಆಂಡ್ರೂಸ್ ಇರುವ ಫೈಫ್ ಸೀಮೆಯ ಚರ್ಚುಗಳನ್ನು ಜಾಲಾಡಲು ಹೊರಡಬೇಡಿ.

ಎಡಿನ್‌ಬರೋ ಎಂ.ಡಿ. ಆದರೆ ಮಾತು ಬೇರೆ. ಅಲ್ಲಿ ನಿಜಕ್ಕೂ ಓದಬೇಕಿತ್ತು, ಪ್ರಬಂಧ ಬರೆಯಬೇಕಿತ್ತು. 1833ರವರೆಗೆ ಆ ಪ್ರಬಂಧ ಲ್ಯಾಟಿನ್‌ನಲ್ಲಿ ಇರಬೇಕಾಗಿತ್ತು. ಅದರ ಒಳಗಿನ ವಿಷಯ ನಿಮಗೆ ಬೇಡ, ಮೊದಲ ಎರಡು ಮೂರು ಪುಟ ನೋಡಿ. ಮುಖಪುಟದಲ್ಲಿ ಹೆಸರಿನ ಪಕ್ಕ ಯಾವ ದೇಶದವನೆಂದು ಇರುತ್ತದೆ. ಅರ್ಪಣೆಯ ಪುಟದಲ್ಲಿ ತಂದೆ, ಚಿಕ್ಕಪ್ಪ, ಓದಿಗೆ ಹಣ ಕೊಟ್ಟವರು, ಮೊದಲು ಕೆಲಸ ಕಲಿಸಿದ ಗುರು ಇವರಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ.

ಇನ್ನು ನಿಮ್ಮ ಉಳಿದ ಅಕ್ಷರಗಳು. ಎಂ.ಆರ್.ಸಿ.ಎಸ್. ಎಂದರೆ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಸದಸ್ಯ. ಎಲ್.ಎಸ್.ಎ. ಎಂದರೆ ಲಂಡನ್ನಿನ ಅಪಾಥಿಕರಿಗಳ (ಔಷಧ ತಯಾರಿಸಿ ಕೊಟ್ಟು ವೈದ್ಯ ಮಾಡುವವರ) ಸೊಸೈಟಿಯ ಪರವಾನಗಿ ಪಡೆದವನು. ಎರಡೂ ಇದ್ದವನು ಶಸ್ತ್ರವೈದ್ಯವನ್ನೂ ಔಷಧವೈದ್ಯವನ್ನೂ ಮಾಡಲು ಅರ್ಹ. ಶತಮಾನದ ಮಧ್ಯಭಾಗದ ಇಂಗ್ಲಿಷ್ ಹಳ್ಳಿ ಡಾಕ್ಟರನಿಗೆ ಇದು ಮಾಮೂಲಿ ಜೋಡಿ. 1843ರಲ್ಲಿ ಹುಟ್ಟಿಕೊಂಡ ಎಫ್.ಆರ್.ಸಿ.ಎಸ್., ಅಂದರೆ ಸರ್ಜನ್ಸ್ ಕಾಲೇಜಿನ ಫೆಲೋ, ಎಂ.ಆರ್.ಸಿ.ಎಸ್.ಗಿಂತ ಮೇಲಿನದು. ಸರ್ಜನ್ಸ್ ಕಾಲೇಜಿನ ಜೀವನಚರಿತ್ರೆಗಳ ಜಾಲತಾಣದಲ್ಲಿ ಈ ಫೆಲೋಗಳ ಮಾಹಿತಿ ಮಾತ್ರ ಇದೆ. ಎಂ.ಆರ್.ಸಿ.ಎಸ್. ಮನುಷ್ಯನನ್ನು ಅಲ್ಲಿ ಹುಡುಕಿ, ಸಿಗದೆ, ‘ಪದವಿ ಸುಳ್ಳಿರಬೇಕು’ ಎಂದು ಬರೆದವರಿದ್ದಾರೆ. ಹಾಗಲ್ಲ.

ಎಲ್.ಎಸ್.ಎ. ಪರವಾನಗಿಯಿಂದ ತಂದೆಯ ಹೆಸರು ಸಿಗುತ್ತದೆಯೇ? (ಶಿವಮೊಗ್ಗ)

ಹೌದು, ಅಥವಾ ಅದರ ಹತ್ತಿರಕ್ಕೆ ಕರೆದೊಯ್ಯುವ ಸುಳಿವಾದರೂ ಸಿಗುತ್ತದೆ. ರೈತನ ಮಗನಿಗಿಂತ ಡಾಕ್ಟರನ ಬೇರು ಹುಡುಕುವುದು ಸುಲಭವಾಗುವುದು ಇಲ್ಲೇ.

1815ರ ಅಪಾಥಿಕರಿ ಕಾಯಿದೆ ಆ ವರ್ಷದ ಆಗಸ್ಟ್ 1ರಿಂದ ಜಾರಿಗೆ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸದಾಗಿ ಅಪಾಥಿಕರಿಯಾಗಿ ವೃತ್ತಿ ಮಾಡಬೇಕೆಂದವನು ಐದು ವರ್ಷ ಒಬ್ಬ ಅಪಾಥಿಕರಿಯ ಕೈಕೆಳಗೆ ಅಪ್ರೆಂಟಿಸ್ ಆಗಿರಬೇಕು, ಉಪನ್ಯಾಸಗಳನ್ನು ಕೇಳಿರಬೇಕು, ಆಸ್ಪತ್ರೆಯಲ್ಲಿ ಓಡಾಡಿ ಕಲಿತಿರಬೇಕು, ವಯಸ್ಸು 21 ತುಂಬಿರಬೇಕು. ಇದೆಲ್ಲಕ್ಕೂ ದಾಖಲೆ ತೋರಿಸಿ ಪರೀಕ್ಷೆಗೆ ಕೂರಬೇಕು. ಪರೀಕ್ಷಕರು ಅಭ್ಯರ್ಥಿಗಳ ವಿವರವನ್ನು ದಾಖಲು ಪುಸ್ತಕಗಳಲ್ಲಿ ಬರೆದಿಟ್ಟರು. ಅವು ಲಂಡನ್ನಿನ ಗಿಲ್ಡ್‌ಹಾಲ್ ಗ್ರಂಥಾಲಯದ ಹಸ್ತಪ್ರತಿ ಸಂಗ್ರಹಕ್ಕೆ ಸೇರಿವೆ. ಪರವಾನಗಿಯ ವರ್ಷ ಮೊದಲೇ ಗೊತ್ತಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಆ ವರ್ಷವನ್ನು ನೋಂದಾಯಿತ ವೈದ್ಯರ ಅಧಿಕೃತ ಪಟ್ಟಿಯಾದ ಮೆಡಿಕಲ್ ರಿಜಿಸ್ಟರಿನಿಂದ ತೆಗೆದುಕೊಳ್ಳಿ.

ನಮೂದಿನಲ್ಲಿ ಎರಡು ವಿಷಯ ಮುಖ್ಯ. ಒಂದು, ವಯಸ್ಸಿನ ಪುರಾವೆ. ಹುಟ್ಟಿದ ಅಥವಾ ದೀಕ್ಷಾಸ್ನಾನವಾದ ದಿನ ಅಲ್ಲಿದ್ದರೆ ಐದಾರು ಜಾನ್ ಡೇವಿಸ್‌ಗಳಲ್ಲಿ ನಿಮ್ಮವನು ಯಾರೆಂದು ಅಲ್ಲೇ ಇತ್ಯರ್ಥವಾಗುತ್ತದೆ. ಎರಡು, ಅಪ್ರೆಂಟಿಸ್ ಮಾಡಿಕೊಂಡ ಗುರುವಿನ ಹೆಸರು ಮತ್ತು ಊರು. ಬಹಳಷ್ಟು ಸಲ ಗುರು ಎಂದರೆ ತಂದೆ, ಸೋದರಮಾವ, ಇಲ್ಲವೇ ತಂದೆಯ ಊರಿನ ಪಕ್ಕದ ಪೇಟೆಯ ಪರಿಚಿತ. ಗುರುವಿನ ಊರನ್ನು ನಡುವಿಟ್ಟು ಸುತ್ತ ಹತ್ತು ಮೈಲಿಯ ಚರ್ಚುಗಳನ್ನು ನೋಡಿದರೆ ಹುಡುಗನ ಮನೆ ಸಿಗುವ ಸಾಧ್ಯತೆ ಹೆಚ್ಚು. ಗುರುವಿನ ಮಗಳನ್ನೇ ಮದುವೆಯಾಗಿ ವೃತ್ತಿಯನ್ನು ಮುಂದುವರಿಸಿದವರೂ ಕಡಿಮೆಯಿಲ್ಲ. ಆದ್ದರಿಂದ ಗುರುವಿನ ಉಯಿಲನ್ನೂ ತರಿಸಿಕೊಳ್ಳಿ.

ವಯಸ್ಸಿನ ಪುರಾವೆ ಸಿಗದಿದ್ದರೂ ಲೆಕ್ಕ ಹಾಕಬಹುದು. 1834ರಲ್ಲಿ ಪರವಾನಗಿ ಎಂದರೆ 1813ಕ್ಕೆ ಈಚೆ ಹುಟ್ಟಿರಲಾರ.

ಅವರು 1790ರಲ್ಲಿ ಹುಟ್ಟಿದವರು, ಯಾವ ಪರವಾನಗಿಯೂ ಇದ್ದಂತಿಲ್ಲ. ನಕಲಿ ವೈದ್ಯರೇ? (ಬೆಂಗಳೂರು)

ಇಷ್ಟರಿಂದಲೇ ಹಾಗೆನ್ನಲಾಗದು. 1815ರ ಆಗಸ್ಟ್ 1ಕ್ಕೆ ಮೊದಲೇ ವೃತ್ತಿಯಲ್ಲಿದ್ದವರಿಗೆ ಆ ಕಾಯಿದೆ ವಿನಾಯಿತಿ ಕೊಟ್ಟಿತ್ತು. 1858ರ ಮೆಡಿಕಲ್ ಕಾಯಿದೆಯೂ ಅವರನ್ನು ರಿಜಿಸ್ಟರಿಗೆ ಸೇರಿಸಿಕೊಂಡಿತು. ಮುಂಚಿನ ರಿಜಿಸ್ಟರುಗಳಲ್ಲಿ ಪದವಿಯ ಜಾಗದಲ್ಲಿ ‘1815ರ ಆಗಸ್ಟ್ 1ಕ್ಕೆ ಮುನ್ನ ವೃತ್ತಿಯಲ್ಲಿದ್ದವರು’ ಎಂಬ ಅರ್ಥದ ಒಕ್ಕಣೆಯೊಂದಿಗೆ ಕಾಣುವ ಮುದುಕರು ಇವರೇ.

ಇಂಥವರಿಗೆ ಅಪ್ರೆಂಟಿಸ್ ತೆರಿಗೆಯ ಪುಸ್ತಕಗಳು ಒಳ್ಳೆಯ ದಾರಿ. 1710ರಿಂದ 1811ರವರೆಗೆ ಗುರು ಪಡೆದ ಶುಲ್ಕದ ಮೇಲೆ ಸರ್ಕಾರ ಸುಂಕ ವಸೂಲಿ ಮಾಡುತ್ತಿತ್ತು. 50 ಪೌಂಡ್‌ವರೆಗೆ ಪೌಂಡಿಗೆ 6 ಪೆನ್ಸ್, ಅದಕ್ಕಿಂತ ಹೆಚ್ಚಾದರೆ ಪೌಂಡಿಗೆ 1 ಶಿಲಿಂಗ್. ಪುಸ್ತಕಗಳು ಕ್ಯೂನಲ್ಲಿ ಐ.ಆರ್. 1 ಸರಣಿ. ಸುಂಕವನ್ನು ಗುರು ತಡವಾಗಿ ಕಟ್ಟಿರಬಹುದು, ಆದ್ದರಿಂದ ಅಂದಾಜು ವರ್ಷದ ಮುಂದಿನ ಆರೇಳು ವರ್ಷವನ್ನೂ ನೋಡಿ. 1752ರ ಬಳಿಕ ಹುಡುಗನ ತಂದೆಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ, ಗುರುವಿನ ಹೆಸರು ಊರು ಮಾತ್ರ ಸಿಗುತ್ತದೆ.

ನೆಪೋಲಿಯನ್ ಯುದ್ಧ ಮುಗಿದ ಮೇಲೆ ನೌಕಾಪಡೆಯ, ಸೇನೆಯ ಸರ್ಜನ್‌ಗಳು ಅರ್ಧಸಂಬಳದ ಮೇಲೆ ಹಳ್ಳಿಗಳಲ್ಲಿ ನೆಲೆಸಿದರು. ನಿಮ್ಮವರು 1815–20ರ ನಡುವೆ ದಿಢೀರನೆ ಒಂದು ಊರಿನಲ್ಲಿ ಕಾಣಿಸಿಕೊಂಡಿದ್ದರೆ ಕ್ಯೂನಲ್ಲಿರುವ ನೌಕಾಪಡೆ ಸರ್ಜನ್‌ಗಳ ಎ.ಡಿ.ಎಂ. 104 ಸರಣಿಯನ್ನೂ ತೆರೆದು ನೋಡಿ.

ಮೆಡಿಕಲ್ ರಿಜಿಸ್ಟರಿನಲ್ಲಿ 1874ರವರೆಗೆ ಹೆಸರಿದೆ, ಆಮೇಲಿಲ್ಲ. ಸತ್ತರೆಂದು ಬರೆದುಕೊಳ್ಳಬಹುದೇ? (ಉಡುಪಿ)

ಬೇಡ. 1859ರಿಂದ ಅಚ್ಚಾಗುತ್ತಾ ಬಂದ ಈ ರಿಜಿಸ್ಟರಿನಿಂದ ಹೆಸರು ಹೋಗಲು ಸಾವಲ್ಲದೆ ಬೇರೆ ಕಾರಣವೂ ಉಂಟು. ರಿಜಿಸ್ಟ್ರಾರ್ ದಾಖಲಾದ ವಿಳಾಸಕ್ಕೆ ‘ಇನ್ನೂ ವೃತ್ತಿಯಲ್ಲಿದ್ದೀರಾ, ವಿಳಾಸ ಬದಲಾಯಿತೇ’ ಎಂದು ಪತ್ರ ಬರೆದು, ಆರು ತಿಂಗಳಲ್ಲಿ ಉತ್ತರ ಬಾರದಿದ್ದರೆ ಹೆಸರು ತೆಗೆಯಬಹುದಿತ್ತು. ಊರು ಬಿಟ್ಟವನೂ ಸೋಮಾರಿಯೂ ಒಂದೇ ಪಟ್ಟಿಯಲ್ಲಿ ಕಳಚಿಹೋಗುತ್ತಿದ್ದರು.

ರಿಜಿಸ್ಟರಿನ ಜೊತೆಗೆ ಮೆಡಿಕಲ್ ಡೈರೆಕ್ಟರಿಯನ್ನೂ ಇಟ್ಟುಕೊಳ್ಳಿ. ಅದು ಸರ್ಕಾರದ್ದಲ್ಲ, ಖಾಸಗಿ ಪ್ರಕಟಣೆ. 1845ರಲ್ಲಿ ಲಂಡನ್ನಿಗೆ ಮಾತ್ರ ಶುರುವಾಗಿ 1847ರಲ್ಲಿ ಹೊರಜಿಲ್ಲೆಗಳಿಗೂ ಬಂತು. ರಿಜಿಸ್ಟರಿನಲ್ಲಿ ವಿಳಾಸ, ಪದವಿ, ದಿನಾಂಕಗಳಷ್ಟೇ ಇದ್ದರೆ ಡೈರೆಕ್ಟರಿಯಲ್ಲಿ ಯಾವ ಆಸ್ಪತ್ರೆಯಲ್ಲಿ ಕಲಿತರು, ಹಿಂದೆ ಎಲ್ಲೆಲ್ಲಿ ಹುದ್ದೆಯಲ್ಲಿದ್ದರು, ಏನು ಬರೆದರು ಎಂಬುದೂ ಇರುತ್ತದೆ. ಆದರೆ ಇವೆಲ್ಲ ಡಾಕ್ಟರರೇ ತುಂಬಿ ಕಳಿಸಿದ ವಿವರಗಳು. ಐದು ವರ್ಷಕ್ಕೊಂದು ಸಂಪುಟದಂತೆ ನೋಡಿದರೆ ಸಾಲದು, ಊರು ಬದಲಾದ ವರ್ಷದ ಹಿಂದುಮುಂದಿನ ಸಂಪುಟಗಳನ್ನು ಒಂದೂ ಬಿಡದೆ ನೋಡಬೇಕು.

ವೃತ್ತಿ ಮಾರುವುದು ಆಗ ಸಹಜ ವ್ಯವಹಾರ. ಊರಿನ ರೋಗಿಗಳ ಬಳಗವನ್ನೇ ಬೆಲೆ ಕಟ್ಟಿ ಇನ್ನೊಬ್ಬ ಡಾಕ್ಟರನಿಗೆ ಮಾರಿ ಹೋಗುತ್ತಿದ್ದರು. ಇಬ್ಬರು ಸೇರಿ ನಡೆಸುತ್ತಿದ್ದ ವೃತ್ತಿಯ ಪಾಲುದಾರಿಕೆ ಮುರಿದರೆ ಲಂಡನ್ ಗೆಜೆಟ್‌ನಲ್ಲಿ ಪ್ರಕಟಣೆ ಬರುತ್ತಿತ್ತು, ದಿವಾಳಿಯಾದರೂ ಅಲ್ಲೇ. ಗೆಜೆಟ್‌ನ ಹಳೆಯ ಸಂಚಿಕೆಗಳನ್ನು ಜಾಲದಲ್ಲಿ ಹಣ ಕೊಡದೆ ಹುಡುಕಬಹುದು. ಬ್ರಿಟಿಷ್ ಮೆಡಿಕಲ್ ಜರ್ನಲ್ 1840ರ ಅದರ ಪೂರ್ವರೂಪದಿಂದ ಹಿಡಿದು ಉಚಿತವಾಗಿಯೇ ಸಿಗುತ್ತದೆ. ಮರಣವಾರ್ತೆಯ ಅಂಕಣವನ್ನಷ್ಟೇ ಅಲ್ಲ, ಹುದ್ದೆ ಖಾಲಿಯಿರುವ ಜಾಹೀರಾತುಗಳನ್ನೂ ಓದಿ. ಒಂದು ಹಳ್ಳಿಯ ಹುದ್ದೆ ಖಾಲಿ ಎಂದು ಬಂದಿದ್ದರೆ ಅಲ್ಲಿದ್ದವನು ಬಿಟ್ಟ ತಿಂಗಳು ಗೊತ್ತಾಯಿತು.

ವಲಸೆ ಹೋಗಿದ್ದರೆ ನಿಮ್ಮ ಅದೃಷ್ಟ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1853ರಿಂದ ಮರಣದ ನೋಂದಣಿಯಲ್ಲಿ ತಂದೆಯ ಹೆಸರು, ಕಸುಬು, ತಾಯಿಯ ತವರಿನ ಹೆಸರು, ಹುಟ್ಟೂರು, ಮದುವೆ, ಮಕ್ಕಳು ಎಲ್ಲಕ್ಕೂ ಕಲಮುಗಳಿದ್ದವು. ಇಂಗ್ಲೆಂಡಿನ ಅದೇ ಕಾಲದ ಮರಣಪತ್ರದಲ್ಲಿ ಇದರ ಕಾಲುಭಾಗವೂ ಇಲ್ಲ. ಆದರೂ ಹೇಳಿದವನು ಮಗನೋ ನೆರೆಯವನೋ ನೋಡಿಕೊಳ್ಳಿ. ನೆರೆಯವನು ಹೇಳಿದ್ದರೆ ‘ಗೊತ್ತಿಲ್ಲ’ ಎಂಬುದೇ ತುಂಬಿರುತ್ತದೆ.

1841ರಲ್ಲಿ ‘ಸರ್ಜನ್’, 1861ರಲ್ಲಿ ‘ರೈತ, 60 ಎಕರೆ’. ಒಬ್ಬರೇ ಇರಲು ಸಾಧ್ಯವೇ? (ಹಾಸನ)

ಸಾಧ್ಯ. 1858ರ ಕಾಯಿದೆ ಪದವಿಯಿಲ್ಲದವರ ವೈದ್ಯವನ್ನು ನಿಷೇಧಿಸಲಿಲ್ಲ, ‘ನೋಂದಾಯಿತ’ ಎಂದು ಹೇಳಿಕೊಳ್ಳುವುದನ್ನು ಅಪರಾಧ ಮಾಡಿತು, ಶುಲ್ಕಕ್ಕಾಗಿ ದಾವೆ ಹೂಡುವ ಹಕ್ಕನ್ನು ಕಿತ್ತುಕೊಂಡಿತು. ಬಳಿಕ ಕೆಲವರು ಗಣತಿಯಲ್ಲಿ ತಮ್ಮ ಎರಡನೆಯ ಜೀವನೋಪಾಯವನ್ನೇ ಮುಂದೆ ಮಾಡಿದರು. ಪದವೀಧರರೂ ಹೊಲ ಇಟ್ಟುಕೊಂಡಿರುತ್ತಿದ್ದರು. ಹೆಂಡತಿ ಮಕ್ಕಳ ಹೆಸರು, ವಯಸ್ಸು, ಹುಟ್ಟೂರುಗಳು ಹೊಂದಿದರೆ ಒಬ್ಬರೇ. ವೃತ್ತಿಯ ಕಲಮಿಗಿಂತ ಹೆಂಡತಿಯ ಹುಟ್ಟೂರು ಗಟ್ಟಿ ಸಾಕ್ಷಿ.

ಬಡವರ ವೈದ್ಯಾಧಿಕಾರಿ ಆಗಿದ್ದರಂತೆ. ಆ ಕಡತಗಳಲ್ಲಿ ವಂಶದ ವಿವರ ಇರುತ್ತದೆಯೇ? (ಕಲಬುರಗಿ)

ವಂಶದ್ದು ಕಡಿಮೆ, ಮನುಷ್ಯನ ವಿವರ ಹೇರಳ. 1834ರ ಬಡವರ ಕಾನೂನಿನ ತಿದ್ದುಪಡಿಯಾದ ಮೇಲೆ ಹಲವು ಪ್ಯಾರಿಷ್‌ಗಳನ್ನು (ಒಂದೊಂದು ಚರ್ಚಿನ ವ್ಯಾಪ್ತಿಯ ಊರುಗಳನ್ನು) ಕೂಡಿಸಿ ‘ಯೂನಿಯನ್’ಗಳನ್ನು ಮಾಡಿದರು. ಪ್ರತಿ ಯೂನಿಯನ್ನಿಗೂ ಸಂಬಳದ ವೈದ್ಯಾಧಿಕಾರಿಗಳು. 1842ರ ಆದೇಶದ ಪ್ರಕಾರ ಒಬ್ಬನ ವ್ಯಾಪ್ತಿ 15,000 ಎಕರೆ ಅಥವಾ 15,000 ಜನರನ್ನು ಮೀರಬಾರದಿತ್ತು. ನಿಮ್ಮ ಡಾಕ್ಟರ್ ದಿನವೂ ಕುದುರೆಯ ಮೇಲೆ ಎಷ್ಟು ದೂರ ಹೋಗುತ್ತಿದ್ದನೆಂಬ ಅಂದಾಜು ಇದರಿಂದ ಸಿಗುತ್ತದೆ.

ಮೊದಲು ಕ್ಯೂನ ಎಂ.ಎಚ್. 9 ಸರಣಿ ನೋಡಿ. ಅದು ಸಂಬಳದ ಅಧಿಕಾರಿಗಳ ಪುಸ್ತಕ: ಸೇರಿದ ದಿನ, ಸಂಬಳ, ಬಿಟ್ಟ ದಿನ, ಬಿಟ್ಟ ಕಾರಣ. ಆ ದಿನಾಂಕ ಹಿಡಿದು ಎಂ.ಎಚ್. 12ಕ್ಕೆ ಹೋಗಿ. ಯೂನಿಯನ್ನುಗಳಿಗೂ ಲಂಡನ್ನಿಗೂ ನಡೆದ ಪತ್ರವ್ಯವಹಾರ ಅಲ್ಲಿದೆ. ನೇಮಕಾತಿಯ ಸಮಯದ ನಮೂನೆಯಲ್ಲಿ ವಯಸ್ಸು, ವಿಳಾಸ, ಪದವಿಗಳಿರುತ್ತವೆ. ಈ ಸಂಪುಟಗಳು ದಪ್ಪ, ಎಲ್ಲದಕ್ಕೂ ಒಳಸೂಚಿ ಇಲ್ಲ. ದಿನಾಂಕ ಇಲ್ಲದೆ ಹೋದರೆ ಸಮಯವೆಲ್ಲ ಅಲ್ಲೇ ಕಳೆಯುತ್ತದೆ. ಯೂನಿಯನ್ನಿನ ಹೆಸರು ಹಳ್ಳಿಯ ಹೆಸರಲ್ಲ, ಸಾಮಾನ್ಯವಾಗಿ ಹತ್ತಿರದ ಪೇಟೆಯದು ಎಂಬುದನ್ನು ಮರೆಯಬೇಡಿ.

ಇದೇ ಡಾಕ್ಟರ್ ಸಿಡುಬಿನ ಚುಚ್ಚುಮದ್ದಿನ ಗುತ್ತಿಗೆಯನ್ನೂ ಹಿಡಿದಿರಬಹುದು. 1853ರಿಂದ ಶಿಶುಗಳಿಗೆ ಅದು ಕಡ್ಡಾಯವಾಯಿತು. ಅನುಮಾನಾಸ್ಪದ ಸಾವುಗಳ ವಿಚಾರಣೆಯಲ್ಲಿ ಸಾಕ್ಷಿ ಹೇಳಿದರೆ 1836ರ ಕಾಯಿದೆಯಂತೆ ಒಂದು ಗಿನಿ (21 ಶಿಲಿಂಗ್), ಶವಪರೀಕ್ಷೆಯನ್ನೂ ಮಾಡಿದರೆ ಎರಡು. ಈ ಸುದ್ದಿ ಸ್ಥಳೀಯ ಪತ್ರಿಕೆಗಳಲ್ಲಿ ಬಂದೇ ಬರುತ್ತಿತ್ತು. ಹಾಗಾಗಿ ಪತ್ರಿಕೆಗಳ ಜಾಲತಾಣದಲ್ಲಿ ‘ಡಾಕ್ಟರ್’ ಎಂದಲ್ಲ, ‘ಮಿಸ್ಟರ್’, ‘ಸರ್ಜನ್’ ಎಂದು ಹುಡುಕಿ. ಸರ್ಜನ್‌ಗಳನ್ನು ಆಗ ಮಿಸ್ಟರ್ ಎಂದೇ ಕರೆಯುತ್ತಿದ್ದರು.

ಹಳೆಯ ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ಡಾಕ್ಟರನೊಬ್ಬನ ಕೈಬರಹದ ದಿನವಹಿ ಸಿಕ್ಕಿತು. ಹೆಸರಿಲ್ಲ, ವರ್ಷವಿಲ್ಲ. ಯಾರದೆಂದು ಪತ್ತೆ ಮಾಡಬಹುದೇ? (ಮಂಗಳೂರು)

ಪತ್ತೆ ಮಾಡಬಹುದು, ಇದು ಈ ಸಲದ ಅತ್ಯಂತ ಖುಷಿಯ ಪ್ರಶ್ನೆ. ಮೊದಲು ಪ್ರತಿ ಪುಟದ ಫೋಟೋ ತೆಗೆಯಿರಿ, ಆಮೇಲೆ ಪುಸ್ತಕವನ್ನು ಪದೇಪದೇ ತೆರೆಯುವುದು ನಿಲ್ಲಿಸಿ. ಹೊಲಿಗೆ ಬಿಟ್ಟ ಹಾಳೆಗಳನ್ನು ಅಂಟಿಸಲು ಹೋಗಬೇಡಿ, ಟೇಪ್ ಅಂತೂ ಮುಟ್ಟಲೇಬೇಡಿ.

ವರ್ಷ ಹಿಡಿಯುವುದು ಸುಲಭ. ‘ಸೋಮವಾರ, 14’ ಎಂಬಂತೆ ವಾರವೂ ತಾರೀಖೂ ಒಟ್ಟಿಗಿರುವ ಸಾಲುಗಳನ್ನು ಆರಿಸಿ. ತಿಂಗಳು ಗೊತ್ತಿದ್ದರೆ ಆ ಜೋಡಿ ಕೆಲವೇ ವರ್ಷಗಳಿಗೆ ಹೊಂದುತ್ತದೆ. ಫೆಬ್ರವರಿ 29 ಬಂದಿದ್ದರೆ ಅಧಿಕ ವರ್ಷಗಳಷ್ಟೇ ಉಳಿಯುತ್ತವೆ. ಹಾಳೆಯನ್ನು ಬೆಳಕಿಗೆ ಹಿಡಿದಾಗ ಕಾಗದದ ಒಳಗುರುತಿನಲ್ಲಿ ತಯಾರಿಕೆಯ ವರ್ಷ ಕಂಡರೆ ಪುಸ್ತಕ ಅದಕ್ಕಿಂತ ಹಿಂದಿನದಲ್ಲ.

ಊರು ಹಿಡಿಯಲು ರೋಗಿಗಳ ಮನೆ, ಹೊಲ, ಗಿರಣಿಗಳ ಹೆಸರುಗಳ ಪಟ್ಟಿ ಮಾಡಿ. ಅಪರೂಪದ ಮೂರು ಜಾಗದ ಹೆಸರುಗಳು ಒಂದೇ ನಕ್ಷೆಯ ಐದು ಮೈಲಿಯೊಳಗೆ ಬಿದ್ದರೆ ಸಾಕು. ಅಪರೂಪದ ಮನೆತನಗಳ ನಾಲ್ಕೈದು ರೋಗಿಗಳನ್ನು ಆ ವರ್ಷಕ್ಕೆ ಹತ್ತಿರದ ಗಣತಿಯಲ್ಲಿ ಹುಡುಕಿ ಖಚಿತಪಡಿಸಿಕೊಳ್ಳಿ. ಹೆರಿಗೆಯ ನಮೂದುಗಳಿದ್ದರೆ ಅದೇ ವಾರಗಳ ದೀಕ್ಷಾಸ್ನಾನಗಳೊಂದಿಗೆ ತಾಳೆ ನೋಡಿ. ಊರು ಸಿಕ್ಕ ಮೇಲೆ ಆ ಕಾಲದ ವ್ಯಾಪಾರಿ ಡೈರೆಕ್ಟರಿಯಲ್ಲಿ ‘ಸರ್ಜನ್ಸ್’ ಎಂಬ ತಲೆಬರಹದಡಿ ಆ ಹಳ್ಳಿಗೆ ಒಂದೋ ಎರಡೋ ಹೆಸರಿರುತ್ತದೆ. ಡೈರೆಕ್ಟರಿಯ ಮಾಹಿತಿ ಅಚ್ಚಾದ ವರ್ಷಕ್ಕಿಂತ ಹಳೆಯದಾಗಿರುತ್ತದೆ ಎಂಬ ಎಚ್ಚರವಿರಲಿ. ಇಬ್ಬರು ಉಳಿದರೆ ಕೈಬರಹ ತೀರ್ಮಾನಿಸುತ್ತದೆ: ಅವರ ಮದುವೆಯ ಪುಸ್ತಕದ ಸಹಿ ತರಿಸಿ ಹೋಲಿಸಿ.

ಓದುವಾಗ ಎಡವುವುದು ಅಳತೆ ಮತ್ತು ಲ್ಯಾಟಿನ್ ಸಂಕ್ಷೇಪಗಳಲ್ಲಿ. ಅಪಾಥಿಕರಿ ತೂಕದಲ್ಲಿ 20 ಗ್ರೇನ್‌ಗೆ 1 ಸ್ಕ್ರೂಪಲ್, 3 ಸ್ಕ್ರೂಪಲ್‌ಗೆ 1 ಡ್ರಾಮ್, 8 ಡ್ರಾಮ್‌ಗೆ 1 ಔನ್ಸ್, 12 ಔನ್ಸ್‌ಗೆ 1 ಪೌಂಡ್. ಡ್ರಾಮ್‌ನ ಗುರುತು 3ರ ಅಂಕಿಯಂತಿದ್ದು, ಔನ್ಸ್‌ನದು ಅದಕ್ಕೇ ಮೇಲೊಂದು ಸುತ್ತು ಹೆಚ್ಚು. ಅವಸರದ ಬರಹದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸಂಖ್ಯೆಗಳು ರೋಮನ್, ಕೊನೆಯ ಐ ಅಕ್ಷರವನ್ನು ಜೆ ಎಂದು ಎಳೆದಿರುತ್ತಾರೆ. ಎಸ್.ಎಸ್. ಎಂದರೆ ಅರ್ಧ. ‘ಹಾಸ್ಟ್’ ಎಂದರೆ ಒಮ್ಮೆಗೇ ಕುಡಿಯುವ ಮದ್ದು, ‘ಮಿಸ್ಟ್’ ಮಿಶ್ರಣ, ‘ಪಿಲ್’ ಗುಳಿಗೆ, ‘ಹಿರುಡ್’ ಜಿಗಣೆ, ‘ವಿ.ಎಸ್.’ ರಕ್ತನಾಳ ಕೊಯ್ದು ರಕ್ತ ತೆಗೆಯುವುದು. ಬಲಬದಿಯ ಮೂರು ಕಲಮುಗಳು ಪೌಂಡ್, ಶಿಲಿಂಗ್, ಪೆನ್ಸ್: 12 ಪೆನ್ಸ್‌ಗೆ 1 ಶಿಲಿಂಗ್, 20 ಶಿಲಿಂಗ್‌ಗೆ 1 ಪೌಂಡ್, 21 ಶಿಲಿಂಗ್‌ಗೆ 1 ಗಿನಿ. ಹಣದ ಕಲಮು ಸತತವಾಗಿ ಖಾಲಿಯಿರುವ ರೋಗಿಗಳ ಹೆಸರುಗಳನ್ನು ಬೇರೆಯಾಗಿ ಬರೆದುಕೊಳ್ಳಿ. ಬಡವರ ಜೊತೆಗೆ ನೆಂಟರೂ ಆ ಗುಂಪಿನಲ್ಲಿರಬಹುದು.

ಹಳ್ಳಿ ಡಾಕ್ಟರನ ಮಗ 1870ರ ದಶಕದಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಬೆಂಗಳೂರು ದಂಡಿನಲ್ಲಿದ್ದ. ಅವನ ಕಡೆಯಿಂದ ತಂದೆಯನ್ನು ತಲುಪಬಹುದೇ? (ಬೆಂಗಳೂರು)

ತಲುಪಬಹುದು, ತಂದೆಯ ಕಡೆಯಿಂದ ಹೋಗುವುದಕ್ಕಿಂತ ಎಷ್ಟೋ ಸಲ ಇದೇ ಹತ್ತಿರ. 1855ರಿಂದ ಈ ಸೇವೆಗೆ ಸ್ಪರ್ಧಾ ಪರೀಕ್ಷೆ. ಅಭ್ಯರ್ಥಿ ಕೊಟ್ಟ ಕಾಗದಗಳಲ್ಲಿ ಹುಟ್ಟಿನ ಅಥವಾ ದೀಕ್ಷಾಸ್ನಾನದ ಪತ್ರವೂ ಸೇರಿತ್ತು. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎಲ್/ಮಿಲ್/9 ಸರಣಿಯಲ್ಲಿವೆ. ಸೇವೆಯಲ್ಲಿದ್ದವರ ಹುಟ್ಟು, ಪದವಿ, ಬಡ್ತಿ, ಸಾವುಗಳನ್ನು 1615ರಿಂದ 1930ರವರೆಗೆ ಪ್ರೆಸಿಡೆನ್ಸಿವಾರು ಪಟ್ಟಿ ಮಾಡಿದ ಅಚ್ಚಿನ ಸಂಪುಟವೂ ಇದೆ. ಮೊದಲು ಅದರಿಂದ ಸೇರಿದ ವರ್ಷ ತೆಗೆದುಕೊಳ್ಳಿ.

ಬೆಂಗಳೂರಿನ ದಂಡು ಪ್ರದೇಶದ ಆಂಗ್ಲಿಕನ್ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ವರದಿಗಳು ಮದ್ರಾಸಿನ ಲೆಕ್ಕಕ್ಕೆ ಸೇರಿ ಲಂಡನ್ನಿಗೆ ಹೋದವು. ಹಾಗಾಗಿ ಮೈಸೂರು ಎಂದು ಹುಡುಕಬೇಡಿ, ಎನ್/2 ಎಂಬ ಮದ್ರಾಸ್ ಸರಣಿಯನ್ನು ನೋಡಿ. ಎನ್/1 ಬಂಗಾಳದ್ದು, ಎನ್/3 ಬೊಂಬಾಯಿಯದು. ಮಕ್ಕಳಿಗೆ ಇಟ್ಟ ನಡುಹೆಸರುಗಳನ್ನು ಗಮನಿಸಿ: ಅಜ್ಜಿಯ ತವರುಮನೆಯ ಹೆಸರನ್ನು ಮೊಮ್ಮಗನಿಗೆ ನಡುಹೆಸರಾಗಿ ಇಡುವುದು ಇಂಗ್ಲಿಷ್ ಮನೆಗಳಲ್ಲಿ ರೂಢಿ.

ಡಾಕ್ಟರ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಸತ್ತವರು. ಐರ್ಲೆಂಡಿನವರಾಗಿದ್ದರೆ? (ಎರಡು ಪತ್ರಗಳು, ದಾವಣಗೆರೆ ಮತ್ತು ಕಾರವಾರ)

ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ 1855ರಿಂದ. ಅಲ್ಲಿಯ ಮರಣ ನೋಂದಣಿಯಲ್ಲಿ ತಂದೆ, ತಾಯಿ ಇಬ್ಬರ ಹೆಸರೂ ಇರುತ್ತದೆ. ನಿಮ್ಮವರು ಇಂಗ್ಲೆಂಡಿನಲ್ಲಿ ಸತ್ತಿದ್ದರಿಂದ ಆ ಅನುಕೂಲ ಇಲ್ಲ, ಆದರೆ 1855ರ ನಂತರ ಸ್ಕಾಟ್ಲೆಂಡಿನಲ್ಲೇ ಸತ್ತ ಅವರ ಅಣ್ಣನದೋ ತಂಗಿಯದೋ ಮರಣ ನಮೂದು ಸಿಕ್ಕರೆ ಅದೇ ತಂದೆತಾಯಿ.

ಐರ್ಲೆಂಡಿನಲ್ಲಿ 1922ರ ಬೆಂಕಿಯಲ್ಲಿ 1821ರಿಂದ 1851ರವರೆಗಿನ ಗಣತಿಗಳು ಬಹುಪಾಲು ಹೋದವು, 1861–91ರವನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶಮಾಡಿತ್ತು. ಆ ಬೆಂಕಿಗೆ ಮುಂಚಿನವುಗಳಲ್ಲಿ ಪೂರ್ತಿಯಾಗಿ ಉಳಿದವು 1901 ಮತ್ತು 1911 ಮಾತ್ರ. ಆದ್ದರಿಂದ ಅಲ್ಲಿ ಗಣತಿಗಿಂತ ವೃತ್ತಿಯ ದಾರಿಯೇ ಮೇಲು. ಡಬ್ಲಿನ್‌ನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿರುವ ಕರ್ಕ್‌ಪ್ಯಾಟ್ರಿಕ್ ಸಂಗ್ರಹ ಐರಿಷ್ ವೈದ್ಯರೊಬ್ಬೊಬ್ಬರ ಬಗ್ಗೆ ಕೂಡಿಸಿಟ್ಟ ಕಾಗದಗಳ ಭಂಡಾರ. ಹೆಸರು, ಅಂದಾಜು ವರ್ಷ, ಪದವಿಯ ಅಕ್ಷರಗಳು ಈ ಮೂರನ್ನೂ ಬರೆದು ಕೇಳಿ.

ಡಿ.ಎನ್.ಎ. ಪರೀಕ್ಷೆ ಮಾಡಿಸಿದರೆ ಇದೆಲ್ಲ ಅಲೆದಾಟ ತಪ್ಪುತ್ತದೆಯೇ? (ತುಮಕೂರು)

ತಪ್ಪದು. ಮೂರನೆಯ ತಲೆಮಾರಿನ ದಾಯಾದಿಗಳಲ್ಲಿ, ಅಂದರೆ ಮುತ್ತಜ್ಜನ ತಂದೆ ಒಬ್ಬನೇ ಆಗಿರುವವರಲ್ಲಿ, ಸುಮಾರು ಹತ್ತರಲ್ಲಿ ಒಂದು ಜೋಡಿಗೆ ಪರೀಕ್ಷೆಯಲ್ಲಿ ಕಾಣುವಷ್ಟು ಸಮಾನ ಅಂಶವೇ ಇರುವುದಿಲ್ಲ. ಇನ್ನೊಂದು ತಲೆಮಾರು ಹಿಂದೆ ಹೋದರೆ ಅರ್ಧದಷ್ಟು ಜೋಡಿಗಳಿಗೆ ಇಲ್ಲ. ಹೊಂದಾಣಿಕೆ ಸಿಗದಿದ್ದ ಮಾತ್ರಕ್ಕೆ ನೆಂಟರಲ್ಲ ಎಂದಾಗುವುದಿಲ್ಲ. ಸಿಕ್ಕರೂ ಸಮಾನ ಪೂರ್ವಜ ಯಾರೆಂದು ಹೇಳಲು ಮತ್ತೆ ಉಯಿಲು, ಗಣತಿಗಳೇ ಬೇಕು. ಮಾಡಿಸುವುದಾದರೆ ಮನೆಯಲ್ಲಿ ಬದುಕಿರುವ ಅತಿ ಹಿರಿಯರದು ಮೊದಲು ಮಾಡಿಸಿ, ಅವರ ಒಪ್ಪಿಗೆ ಕೇಳಿ. ಜಾಲತಾಣದಲ್ಲಿ ಹೊಂದಿಕೆಯಾದವರು ಹಾಕಿದ ವಂಶವೃಕ್ಷವನ್ನು ನಕಲು ಮಾಡಿಕೊಳ್ಳುವ ಮುನ್ನ ಪ್ರತಿ ಹೆಸರಿನ ಎದುರು ಯಾವ ದಾಖಲೆ ತೋರಿಸಿದ್ದಾರೆಂದು ನೋಡಿ. ಇನ್ನೊಂದು ವಂಶವೃಕ್ಷವನ್ನೇ ದಾಖಲೆ ಎಂದು ತೋರಿಸಿದ್ದರೆ ಆ ಹೆಸರನ್ನು ಪೆನ್ಸಿಲ್ಲಿನಲ್ಲಷ್ಟೇ ಬರೆದುಕೊಳ್ಳಿ.